ಇನ್ನೂರ ಹದಿನಾಲ್ಕರ ಮೂಲೆ

ಫೆಬ್ರವರಿ 16

ಆಟ ಮಾಡಿರುವ ಕಂಪನಿಯ ಹಿರಿಯರಿಗೆ,

ನಮಸ್ಕಾರ. ಆಟದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ನಿಮ್ಮ ವಿಳಾಸ ಇತ್ತು. ಭೂತಗನ್ನಡಿ ಹಿಡಿದು ಬರೆದುಕೊಂಡೆ. ಇ-ಮೇಲ್ ವಿಳಾಸವೂ ಇತ್ತು, ಅದು ನನಗೆ ಬರುವುದಿಲ್ಲ. ಮಗಳಿಗೆ ಬರುತ್ತದೆ. ಆದರೆ ಇದನ್ನು ಅವಳ ಕೈಯಲ್ಲಿ ಬರೆಸುವ ಹಾಗಿಲ್ಲ.

ನಿಮ್ಮ ಕಂಪನಿಯಲ್ಲಿ ಬೇಕಾದಷ್ಟು ಆಟ ಇರಬಹುದು. ನಾನು ಹೇಳುತ್ತಿರುವುದು ಚೌಕದ ತುಂಡುಗಳನ್ನು ತಿರುಗಿಸುವ ಆಟ. ಮುಟ್ಟಿದರೆ ತುಂಡು ಕಾಲು ಸುತ್ತು ತಿರುಗುತ್ತದೆ. ಹಸಿರು ಗೆರೆಗೆ ಹಸಿರು, ಕೆಂಪು ಗೆರೆಗೆ ಕೆಂಪು ಸೇರಬೇಕು. ಒಂದು ತುದಿಯೂ ಬಿಡಿಯಾಗಿ ನಿಲ್ಲಬಾರದು. ಎಲ್ಲ ಸೇರಿದರೆ ಹೂ ಅರಳುತ್ತದೆ.

ನಮ್ಮ ಮನೆಯವರು ಟೈಲ್ಸ್ ಮೇಸ್ತ್ರಿ. ನಲವತ್ತೊಂದು ವರ್ಷ ನೆಲ ಹಾಕಿದವರು. ಹೋದ ವರ್ಷ ಜನವರಿಯಲ್ಲಿ ಒಂದು ಬೆಳಿಗ್ಗೆ ಎಡಗೈ ಎತ್ತಲಾಗಲಿಲ್ಲ, ಮಾತು ತೊದಲಿತು. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು. ಮನೆಗೆ ಕಳಿಸುವಾಗ ಡಾಕ್ಟರು, "ಸುಮ್ಮನೆ ಕೂರಬೇಡಿ, ಫೋನಿನಲ್ಲಿ ಇಂಥ ಆಟ ಆಡ್ತಾ ಇರಿ, ತಲೆ ಹೇಗಿದೆ ಅಂತ ನಿಮಗೇ ಗೊತ್ತಾಗುತ್ತೆ" ಅಂದರು. ಅವರು ಮಾತಿಗೆ ಹೇಳಿದ್ದು. ಇವರು ಪರೀಕ್ಷೆ ಅಂತ ತೆಗೆದುಕೊಂಡರು.

ಇನ್ನೂರ ಹದಿಮೂರು ಹಂತ ದಾಟಿದರು. ಮೇ ಎರಡನೇ ತಾರೀಕು ಇನ್ನೂರ ಹದಿನಾಲ್ಕಕ್ಕೆ ಬಂದರು. ನಾನು ದಿನಕ್ಕೊಂದೆರಡು ಸಾಲು ಬರೆದಿಡುವವಳು, ಅದಕ್ಕೇ ತಾರೀಕು ಗೊತ್ತು. ಮೊದಲ ವಾರ, "ಮೂಲೇದು ತಪ್ಪಿದೆ" ಅಂತಿದ್ದರು. ಮೂರನೇ ವಾರದ ಹೊತ್ತಿಗೆ, "ತಪ್ಪಿರೋದು ಮೂಲೇಲಲ್ಲ ಕಣೇ, ನನ್ನ ತಲೇಲೇ" ಅಂದರು.

ನನಗೆ ಬೇಕಾದದ್ದು ಒಂದೇ ಮಾತು. ಆ ಹಂತ ಬಿಡಿಸಲು ಆಗುವಂಥದ್ದಾದರೆ ಆಗುತ್ತದೆ ಅನ್ನಿ. ಆಗದಿದ್ದರೆ ಆಗುವುದಿಲ್ಲ ಅನ್ನಿ. ಹೇಗೆ ಬಿಡಿಸಬೇಕು ಅಂತ ಹೇಳಿಕೊಡಬೇಡಿ. ಕಾಗದದಲ್ಲಿ ಬರೆದು, ಸಹಿ ಹಾಕಿ ಕಳಿಸಿ.

ಇಂತಿ,
ಒಬ್ಬ ಆಟಗಾರರ ಮನೆಯವರು


ಫೆಬ್ರವರಿ 27

ಪ್ರೀತಿಯ ಗ್ರಾಹಕರಿಗೆ,

ನಿಮ್ಮ ಪತ್ರ ತಲುಪಿ ಬಹಳ ಸಂತೋಷವಾಯಿತು. ಅಂಚೆಯಲ್ಲಿ ನಮಗೆ ಬಂದ ಮೊದಲ ಪತ್ರ ಇದು.

ನಮ್ಮ ಎಲ್ಲ ಹಂತಗಳನ್ನೂ ಪ್ರಕಟಿಸುವ ಮೊದಲು ಪರೀಕ್ಷೆ ಮಾಡಿರುತ್ತೇವೆ. 214 ಸ್ವಲ್ಪ ಕಠಿಣ, ಆದರೆ ಖಂಡಿತ ಬಿಡಿಸಬಹುದು. ಯಜಮಾನರಿಗೆ ಧೈರ್ಯ ಹೇಳಿ. ವಯಸ್ಸಾದಂತೆ ಎಲ್ಲರಿಗೂ ಹೀಗೆ ಆಗುತ್ತದೆ. ಎರಡು ದಿನ ಆಟ ಬದಿಗಿಟ್ಟು ಮತ್ತೆ ಹೊಸದಾಗಿ ನೋಡಲಿ, ಥಟ್ಟನೆ ಹೊಳೆಯಬಹುದು. ತೀರಾ ಬೇಸರವಾದರೆ ಕೆಳಗೆ 'ದಾಟಿಸು' ಎಂಬ ಗುಂಡಿ ಇದೆ. ಅದನ್ನು ಒತ್ತಿ, ಒಂದು ಜಾಹೀರಾತು ನೋಡಿದರೆ 215ಕ್ಕೆ ಹೋಗಬಹುದು.

ಅವರು ಗೆದ್ದ ದಿನ ನಮಗೂ ತಿಳಿಸಿ.

ಗ್ರಾಹಕ ವಿಭಾಗ


ಮಾರ್ಚ್ 4

ಗ್ರಾಹಕ ವಿಭಾಗದ ಸ್ವಾಮಿಗಳಿಗೆ,

ಉತ್ತರ ಬರೆದಿರಿ, ಅದು ನಿಮ್ಮ ದೊಡ್ಡತನ. ಆದರೆ ನೀವು ಹಂತವನ್ನು ತೆರೆದು ನೋಡದೆ ಬರೆದಿದ್ದೀರಿ ಅನ್ನಿಸಿತು.

ದಾಟಿಸುವ ಗುಂಡಿ ಇವರೂ ನೋಡಿದ್ದರು. ಮಗಳು ಒತ್ತಲು ಹೋದಾಗ ಕೈ ಹಿಡಿದುಕೊಂಡು, "ಮೂಲೆ ಬಿಟ್ಟು ಯಾರಾದರೂ ನೆಲ ಮುಗಿಸ್ತಾರೇನೇ" ಅಂದರು. ಅವಳೂ ಅದೇ ಕೆಲಸದವಳು. ಅಪ್ಪನ ಕರಣೆ, ರಸಮಟ್ಟ ಎಲ್ಲ ಈಗ ಅವಳದೇ. ಗುಂಡಿ ಒತ್ತಲಿಲ್ಲ.

ನಾನು ಓದಿದ್ದು ಏಳನೇ ತರಗತಿ. ಆದರೂ ತಿಳಿದಷ್ಟು ಹೇಳುತ್ತೇನೆ. ಹೂವಿನ ಟೈಲ್ಸಿನ ಅಂಚು ಹಾಕುವಾಗ ನಮ್ಮವರು ಡಬ್ಬಿ ಬಿಚ್ಚಿ ನನ್ನ ಮುಂದೆ ಸುರಿಯುತ್ತಿದ್ದರು. ಎಡಗೈಯವು ಒಂದು ಕಡೆ, ಬಲಗೈಯವು ಒಂದು ಕಡೆ ಜೋಡಿಸುವುದು ನನ್ನ ಕೆಲಸ. ಎರಡೂ ಒಂದೇ ಥರ ಕಾಣುತ್ತವೆ. ಒಂದರಲ್ಲಿ ಬಳ್ಳಿ ಬಲಕ್ಕೆ ಬಾಗಿರುತ್ತದೆ, ಇನ್ನೊಂದರಲ್ಲಿ ಎಡಕ್ಕೆ. ನೀವು ಎಡಗಾಲಿನ ಚಪ್ಪಲಿಯನ್ನು ನೆಲದ ಮೇಲಿಟ್ಟು ಎಷ್ಟು ಸುತ್ತು ತಿರುಗಿಸಿದರೂ ಅದು ಬಲಗಾಲಿಗೆ ಆಗುವುದಿಲ್ಲ. ಹಾಗೇ ಇದು.

ಇನ್ನೂರ ಹದಿನಾಲ್ಕರಲ್ಲಿ ಬಲಗಡೆಯ ಕೆಳಗಿನ ಮೂಲೆ ನೋಡಿ. ಅದರ ಮೇಲಿನ ತುಂಡಿನಿಂದ ಹಸಿರು ಇಳಿಯುತ್ತದೆ. ಎಡಗಡೆಯ ತುಂಡಿನಿಂದ ಕೆಂಪು ಬರುತ್ತದೆ. ಅವೆರಡಕ್ಕೂ ಬೇರೆ ದಾರಿ ಇಲ್ಲ. ಅಂದರೆ ಮೂಲೆಯ ತುಂಡಿಗೆ ಹಸಿರು ಮೇಲೆ, ಕೆಂಪು ಎಡಕ್ಕೆ ಇರಬೇಕು. ನೀವು ಕೊಟ್ಟಿರುವ ತುಂಡಿನಲ್ಲಿ ಹಸಿರು ಮೇಲಕ್ಕೆ ತಿರುಗಿಸಿದರೆ ಕೆಂಪು ಗೋಡೆ ಕಡೆಗೆ ಹೋಗುತ್ತದೆ. ಕೆಂಪು ಎಡಕ್ಕೆ ತಂದರೆ ಹಸಿರು ಕೆಳಗಿನ ಗೋಡೆಗೆ ಮುಖ ಮಾಡುತ್ತದೆ. ಅದು ಎಡಗೈ ತುಂಡು. ಅಲ್ಲಿ ಬೇಕಾದದ್ದು ಬಲಗೈ.

ಇದು ನನ್ನ ಮಾತಲ್ಲ, ಅವರು ಹೇಳಿದ್ದು. ಮೇ ಐದರಂದು. ಬಣ್ಣದ ಪೆನ್ಸಿಲಿನಲ್ಲಿ ಬರೆದ ಚಿತ್ರ ಇದರ ಜೊತೆ ಇದೆ. ಸ್ಕೇಲ್ ಹಿಡಿದೇ ಗೆರೆ ಎಳೆದಿದ್ದೇನೆ.

ದಯವಿಟ್ಟು ನಿಮ್ಮ ಮೇಲಿನವರಿಗೆ ತೋರಿಸಿ.

ಇಂತಿ,
ಟೈಲ್ಸ್ ಮೇಸ್ತ್ರಿಯ ಮನೆಯವರು


ಮಾರ್ಚ್ 15

ಮಾನ್ಯರೆ,

ನಿಮ್ಮ ಪತ್ರವನ್ನು ಗ್ರಾಹಕ ವಿಭಾಗದವರು ನಮಗೆ ಕಳಿಸಿದ್ದಾರೆ. ಹಂತ 214ನ್ನು ಮತ್ತೊಮ್ಮೆ ತೆರೆದು, ಆಡಿ, ಪೂರ್ಣಗೊಳಿಸಲಾಗಿದೆ. ಬಿಡಿಸಿದ ನಂತರದ ಚಿತ್ರವನ್ನು ಮುದ್ರಿಸಿ ಲಗತ್ತಿಸಿದೆ. ಎಲ್ಲ ಹೂಗಳೂ ಅರಳಿರುವುದನ್ನು ನೀವೇ ಗಮನಿಸಬಹುದು.

ನಿಮ್ಮ ಆಸಕ್ತಿಗೆ ಧನ್ಯವಾದಗಳು.

ಹಿರಿಯ ತಾಂತ್ರಿಕ ವಿಭಾಗ


ಮಾರ್ಚ್ 22

ಸ್ವಾಮಿ,

ನಿಮ್ಮ ಚಿತ್ರ ಬಂತು. ಮೇಜಿನ ಮೇಲೆ ಚಿತ್ರ ಒಂದು ಕಡೆ, ನಮ್ಮ ಫೋನು ಒಂದು ಕಡೆ ಇಟ್ಟು ಒಂದೊಂದೇ ತುಂಡು ಹೋಲಿಸಿದೆ. ಒಟ್ಟು ಅರವತ್ತನಾಲ್ಕು. ಅರವತ್ತಮೂರು ಒಂದೇ ಥರ ಇವೆ. ಮೂಲೆಯದು ಮಾತ್ರ ನಿಮ್ಮಲ್ಲಿ ಬಲಗೈ, ನಮ್ಮಲ್ಲಿ ಎಡಗೈ.

ನೀವು ಅದನ್ನು ಬದಲಾಯಿಸಿದ್ದೀರಿ. ಯಾವಾಗ ಅಂತ ಗೊತ್ತಿಲ್ಲ. ನಮ್ಮ ಫೋನಿಗೆ ಕಳೆದ ಜೂನಿನಿಂದ ನೆಟ್ ಹಾಕಿಸಿಲ್ಲ. ಅದಕ್ಕೇ ಅದರಲ್ಲಿ ಹಳೆಯದೇ ಉಳಿದಿದೆ ಅಂತ ಪಕ್ಕದ ಮನೆಯ ಫೋನ್ ರಿಪೇರಿಯವರು ಹೇಳಿದರು.

ಇನ್ನೊಂದು ಮಾತು. ಗ್ರಾಹಕ ವಿಭಾಗದವರ ಸಹಿಯೂ ಹಿರಿಯ ತಾಂತ್ರಿಕ ವಿಭಾಗದವರ ಸಹಿಯೂ ಒಂದೇ ಕೈಯದು. ಲಕೋಟೆಯ ಮೇಲಿನ ಅಕ್ಷರವೂ ಅದೇ. ನಲವತ್ತು ವರ್ಷ ಎಡಗೈ ಬಲಗೈ ಬೇರೆ ಮಾಡಿದ ಕಣ್ಣು ನನ್ನದು. ಆದರೂ ನಿಮ್ಮನ್ನು ಬಯ್ಯುತ್ತಿಲ್ಲ. ನಾನೂ ನಿಮಗೆ ಎಲ್ಲವನ್ನೂ ಹೇಳಿಲ್ಲ.

ನಮ್ಮ ಮನೆಯವರು ಹೋದ ವರ್ಷ ಜೂನ್ ಹತ್ತೊಂಬತ್ತರಂದು ತೀರಿಕೊಂಡರು. ನೀವು ಧೈರ್ಯ ಹೇಳಿ ಅಂದಿರಿ. ಅದನ್ನು ಯಾರಿಗೆ ಹೇಳಲಿ? ವಯಸ್ಸಾದಂತೆ ಹೀಗೆ ಆಗುತ್ತದೆ ಅಂತಲೂ ಬರೆದಿರಿ. ಆ ಮಾತನ್ನು ನಾನೇ ಅವರಿಗೆ ಹೇಳಿದ್ದೆ, ಅದಕ್ಕೇ ಎರಡು ದಿನ ನಿಮ್ಮ ಕಾಗದ ಮುಟ್ಟಲಿಲ್ಲ.

ಮೇ ಐದರಂದು ಅವರು ಫೋನು ನನ್ನ ಕಡೆ ಚಾಚಿ, "ನೋಡೇ, ಇದು ಎಡಗೈ, ಇಲ್ಲಿ ಕೂರಲ್ಲ" ಅಂದರು. ನಾನು ಬಟ್ಟೆ ಮಡಿಸುತ್ತಿದ್ದೆ. ತಿರುಗಿ ನೋಡದೆ ಹೂಂ ಅಂದೆ. ಮಗು ಚಂದಮಾಮ ಬೇಕು ಅಂದಾಗ ಅನ್ನುತ್ತೇವಲ್ಲ, ಆ ಹೂಂ. ಮಗಳು ಕೆಲಸ ಮುಗಿಸಿ ಬಂದಳು, ಅವಳಿಗೂ ತೋರಿಸಿದರು. ಅವಳು, "ಅಪ್ಪಾ, ಇಷ್ಟು ಜನ ಆಡೋ ಆಟದಲ್ಲಿ ತಪ್ಪಿರುತ್ತಾ? ಬಿಡಿ, ತಲೆ ಕೆಡಿಸ್ಕೋಬೇಡಿ" ಅಂದಳು. ತಿಂಗಳ ಕೊನೆಗೆ ಅವಳೇ ಫೋನು ಕಸಿದು ಬೀರುವಿನಲ್ಲಿಟ್ಟಳು. ಅವಳಿಗೆ ಅಪ್ಪನ ಮೇಲೆ ಜೀವ. ಆ ಜೀವವೇ ಹಾಗೆ ಮಾಡಿಸಿತು.

ಆಮೇಲೆ ಒಂದು ದಿನ ಅವಳು ಹೊಸ ಕೆಲಸದ ನಕ್ಷೆ ತಂದು ಮುಂದೆ ಹರಡಿದಳು. ಆಸ್ಪತ್ರೆಯ ದೊಡ್ಡ ಹಜಾರ, ಸುತ್ತ ಹೂವಿನ ಅಂಚು. "ಎಲ್ಲಿಂದ ಶುರು ಮಾಡ್ಲಿ ಅಪ್ಪಾ?" ಅಂದಳು. ಅವರು ಕಾಗದ ಮಡಚಿ ವಾಪಸ್ಸು ಕೊಟ್ಟರು. "ನನ್ನ ಕಣ್ಣು ನಂಬಬೇಡ ಮಗಾ. ಬೇರೆ ಯಾರನ್ನಾದರೂ ಕೇಳು." ನಲವತ್ತೊಂದು ವರ್ಷದಲ್ಲಿ ಅವರು ಕೂರಿಸಿದ ಒಂದು ಟೈಲನ್ನೂ ಯಾರೂ ತಪ್ಪು ಅಂತ ಕಿತ್ತಿರಲಿಲ್ಲ. ಅಂಥವರು ಆ ಮಾತು ಹೇಳಿದರು. ಹದಿನೈದು ದಿನ ಕಳೆದು ಹೋಗಿಬಿಟ್ಟರು.

ಅವರು ಹೋದ ಮೇಲೆ ಬೀರು ತೆಗೆದು, ಫೋನು ಹೊರಗಿಟ್ಟು, ಒಂದನೇ ಹಂತದಿಂದ ಶುರು ಮಾಡಿದೆ. ನನಗೆ ಆಟ ಬರುತ್ತಿರಲಿಲ್ಲ. ಒಂಬತ್ತನೇ ಹಂತದಲ್ಲೇ ನಾಲ್ಕು ದಿನ ಕೂತಿದ್ದೇನೆ. ಬೆಳಿಗ್ಗೆ ಮಗಳು ಕೆಲಸಕ್ಕೆ ಹೋದ ಮೇಲೆ ಕಿಟಕಿ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಅವರ ಜೊತೆ ಇದ್ದ ಹಾಗೆ ಅನ್ನಿಸುತ್ತಿತ್ತು ಅಂತ ಬರೆದರೆ ಸುಳ್ಳಾಗುತ್ತದೆ. ಅವರು ಎಲ್ಲಿ ನಿಂತರೋ ಅಲ್ಲಿಗೆ ನಾನೂ ನನ್ನ ಕಾಲಲ್ಲೇ ನಡೆದು ಹೋಗಿ ನೋಡಬೇಕಿತ್ತು. ಏಳೂವರೆ ತಿಂಗಳು ಹಿಡಿಯಿತು. ದಾಟಿಸುವ ಗುಂಡಿ ಒಮ್ಮೆಯೂ ಮುಟ್ಟಲಿಲ್ಲ. ಫೆಬ್ರವರಿ ಹನ್ನೆರಡರಂದು ಇನ್ನೂರ ಹದಿನಾಲ್ಕು ತೆರೆಯಿತು. ಮೂಲೆ ನೋಡಿದ ಕೂಡಲೇ ಗೊತ್ತಾಯಿತು.

ನನ್ನ ಒಬ್ಬಳ ಮಾತು ಸಾಲದು. ಮಗಳಿಗೆ ಹೇಳಿದರೆ, ಅಮ್ಮ ದುಃಖದಲ್ಲಿ ಏನೋ ಹೇಳುತ್ತಾಳೆ ಅಂದುಕೊಳ್ಳುತ್ತಾಳೆ. ಅವಳೂ ನನಗೆ ಹೂಂ ಅಂದುಬಿಟ್ಟರೆ ತಡೆಯುವ ಶಕ್ತಿ ನನಗಿಲ್ಲ. ತಪ್ಪು ಮಾಡಿದವರೇ ಬರೆದುಕೊಡಬೇಕು.

ಮೇಸ್ತ್ರಿಯ ಹೆಂಡತಿ


ಮೇ 2

ಅಮ್ಮಾ,

ಐದಾರು ವಾರ ಆಯಿತು. ನಾಲ್ಕು ಸಲ ಬರೆದು ಹರಿದಿದ್ದೇನೆ.

ಕಂಪನಿ ಅಂತ ಏನೂ ಇಲ್ಲ. ಗ್ರಾಹಕ ವಿಭಾಗವೂ ನಾನೇ, ಹಿರಿಯ ತಾಂತ್ರಿಕ ವಿಭಾಗವೂ ನಾನೇ. ಸ್ವಾಮಿಯೂ ಅಲ್ಲ, ಹೆಂಗಸು. ನಮ್ಮಕ್ಕನ ಹೊಲಿಗೆ ಅಂಗಡಿಯ ಮೇಲೆ ಒಂದು ಕೋಣೆ, ಅದರಲ್ಲಿ ಒಂದು ಮೇಜು. ಕೆಳಗೆ ಮೆಷಿನ್ ಓಡಿದರೆ ನನ್ನ ಕುರ್ಚಿ ಅದುರುತ್ತದೆ. ಒಬ್ಬಳೇ ಮಾಡಿದ್ದು ಅಂತ ಗೊತ್ತಾದರೆ ಜನ ಲೆಕ್ಕಕ್ಕೆ ಇಡುವುದಿಲ್ಲ ಅಂತ ಹಾಗೆ ಬರೆಯುತ್ತೇನೆ.

214 ತಪ್ಪಾಗಿತ್ತು. ಅದು ಹೇಗಾಯಿತು ಅಂತ ಹೇಳಬೇಕು. ದೊಡ್ಡ ಹಂತಗಳಲ್ಲಿ ನಾನು ಅರ್ಧ ಮಾತ್ರ ಬರೆಯುತ್ತೇನೆ. ಉಳಿದರ್ಧವನ್ನು ಕನ್ನಡಿ ಹಿಡಿದ ಹಾಗೆ ಮಗುಚಿ ಜೋಡಿಸುತ್ತೇನೆ. ಆವತ್ತು ಎಲ್ಲವನ್ನೂ ಮಗುಚಿ, ಮೂಲೆಯದೊಂದನ್ನು ಮರೆತೆ. ಪರೀಕ್ಷೆ ಮಾಡಲು ಒಂದು ಪ್ರೋಗ್ರಾಮ್ ಇದೆ. ಅದು ಯಾವ ಬದಿಗೆ ಗೆರೆ ಇದೆ ಅಂತ ನೋಡುತ್ತಿತ್ತು, ಗೆರೆಯ ಬಣ್ಣ ನೋಡುತ್ತಿರಲಿಲ್ಲ. ಅದು ಸರಿ ಅಂದಿತು, ನಾನು ನಂಬಿದೆ. ಕೈಯಲ್ಲಿ ಆಡಿ ನೋಡಲಿಲ್ಲ.

ಆಗಸ್ಟಿನಲ್ಲಿ ಯಾರೋ ಒಬ್ಬರು ಬೈದು ಬರೆದರು. ಹನ್ನೊಂದನೇ ತಾರೀಕು ಮೂಲೆ ಸರಿ ಮಾಡಿದೆ. ಬದಲಾವಣೆ ಏನು ಅಂತ ಬರೆಯುವ ಜಾಗದಲ್ಲಿ 'ಸಣ್ಣಪುಟ್ಟ ಸುಧಾರಣೆ' ಅಂತ ಹಾಕಿದೆ. ತಪ್ಪು ಅಂತ ಹಾಕಲಿಲ್ಲ.

ನಿಮ್ಮ ಮೊದಲ ಕಾಗದ ಬಂದಾಗ ನಿಜಕ್ಕೂ ನೆನಪಿರಲಿಲ್ಲ. ಎರಡನೆಯದರಲ್ಲಿ ಚಪ್ಪಲಿ ಮಾತು ಓದಿದಾಗ ನೆನಪಾಯಿತು. ಆದರೂ ಸರಿ ಮಾಡಿದ ಚಿತ್ರವನ್ನೇ ಕಳಿಸಿದೆ. ನೀವು ಒಂದೊಂದೇ ತುಂಡು ಹೋಲಿಸುತ್ತೀರಿ ಅಂದುಕೊಂಡಿರಲಿಲ್ಲ.

ನಿಮ್ಮ ಮೂರನೇ ಕಾಗದವನ್ನು ಅಕ್ಕನ ಹತ್ತಿರ ಓದಿದೆ. ಅವಳು ಕತ್ತರಿ ಕೆಳಗಿಟ್ಟು, "ಎರಡೂ ಎಡಗೈ ತೋಳೇ ಇಟ್ಟು ಅಂಗಿ ಹೊಲಿದುಕೊಟ್ಟು, ಹಾಕ್ಕೊಂಡವರಿಗೆ ನಿಮ್ಮ ಕೈಯೇ ಸೊಟ್ಟ ಅಂದ ಹಾಗಾಯ್ತಲ್ಲೇ ನಿಂದು" ಅಂದಳು. ಆಮೇಲೆ ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ.

ನೀವು ಕೇಳಿದ್ದು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಇಲ್ಲೂ ಬರೆಯುತ್ತೇನೆ: ಹಂತ 214 ಕಳೆದ ವರ್ಷದ ಮೇ ತಿಂಗಳಲ್ಲಿ ಬಿಡಿಸಲು ಸಾಧ್ಯವಿರಲಿಲ್ಲ. ಬಲಗಡೆಯ ಕೆಳಮೂಲೆಯ ತುಂಡು ಎಡಗೈಯದಾಗಿತ್ತು, ಬಲಗೈಯದಾಗಬೇಕಿತ್ತು. ತಪ್ಪು ನನ್ನದು. ಟೈಲ್ಸ್ ಮೇಸ್ತ್ರಿಯವರು ಮೇ 5ರಂದು ಹೇಳಿದ್ದು ಅಕ್ಷರಶಃ ಸರಿ.

ಇನ್ನೊಂದು ವಿಷಯ ನಿಮಗೆ ಗೊತ್ತಿರಲಿ. ಸರಿ ಮಾಡುವ ಮೊದಲು ಆ ಹಂತಕ್ಕೆ ಮೂರು ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಹೆಚ್ಚುಕಡಿಮೆ ಎಲ್ಲರೂ ದಾಟಿಸುವ ಗುಂಡಿ ಒತ್ತಿ ಹೋಗಿದ್ದಾರೆ. ಮೂಲೆ ತಪ್ಪಿದೆ ಅಂತ ಕಂಡುಹಿಡಿದವರು ನನಗೆ ತಿಳಿದಂತೆ ಇಬ್ಬರು. ಆಗಸ್ಟಿನಲ್ಲಿ ಬರೆದವರು ಎರಡನೆಯವರು.

ನೀವು ಒಪ್ಪಿದರೆ ಆ ಹಂತಕ್ಕೆ ಅವರ ಹೆಸರಿಡುತ್ತೇನೆ. ಫೋನಿಗೆ ಹೊಸದನ್ನು ಹಾಕಿಸುವುದು ಹೇಗೆ ಅಂತಲೂ ಬರೆದು ಕಳಿಸುತ್ತೇನೆ, ನಿಮ್ಮದೂ ಸರಿಯಾಗುತ್ತದೆ.

ಕ್ಷಮಿಸಿ ಅಂತ ಬರೆಯಲು ಕೈ ಬರುತ್ತಿಲ್ಲ. ಬರೆದಿದ್ದೇನೆ ಅಂದುಕೊಳ್ಳಿ.

ಆಟದವಳು


ಮೇ 14

ಆಟದವಳಿಗೆ,

ಚೆನ್ನಾಗಿರು ತಾಯಿ. ಸ್ವಾಮಿ ಸ್ವಾಮಿ ಅಂತ ಎರಡು ಕಾಗದದಲ್ಲೂ ಕೈ ಮುಗಿದೆನಲ್ಲ, ನೀನಾದರೂ ಹೇಳಬಾರದಿತ್ತೇ? ನಿಮ್ಮಕ್ಕನಿಗೆ ನನ್ನ ನಮಸ್ಕಾರ ಹೇಳು. ಮಾತು ಬಿಟ್ಟಿದ್ದು ನಾಲ್ಕು ದಿನ ಸಾಕು.

ನಿನ್ನ ಹಾಳೆಯನ್ನು ಮೊದಲು ಒಬ್ಬಳೇ ಓದಿದೆ. 'ಅಕ್ಷರಶಃ ಸರಿ' ಅನ್ನುವಲ್ಲಿ ನಿಂತು ಮತ್ತೆ ಮೊದಲಿನಿಂದ ಓದಿದೆ. ಆಮೇಲೆ ಊಟದ ಡಬ್ಬಿಯ ಜೊತೆ ಅದನ್ನು ಚೀಲದಲ್ಲಿಟ್ಟು ಮಗಳು ಕೆಲಸ ಮಾಡುವಲ್ಲಿಗೆ ಹೋದೆ. ಈಗ ಒಂದು ಶಾಲೆಯ ಉದ್ದನೆಯ ಓಣಿಗೆ ಟೈಲ್ಸ್ ಹಾಕುತ್ತಿದ್ದಾಳೆ. ದಾರ ಕಟ್ಟಿ, ಮಂಡಿಯೂರಿ ಕೂತಿದ್ದಳು. ಗೋಡೆಗೆ ಬಣ್ಣ ಬಳಿಯುವವರು ಏಣಿಯ ಮೇಲಿದ್ದರು.

"ಏನಮ್ಮಾ ಇಷ್ಟು ಬೇಗ ಬಂದೆ?" ಅಂದಳು. ಹಾಳೆ ಕೊಟ್ಟೆ. ಕೈಯ ಗಾರೆ ಒರೆಸಿಕೊಂಡು ತೆಗೆದುಕೊಂಡಳು. ಓದಿದಳು. ಬೆಳಕಿಗೆ ಹಿಡಿದು ಸಹಿ ನೋಡಿದಳು.

"ಇದನ್ನ ಯಾವಾಗಿನಿಂದ ಕೇಳ್ತಾ ಇದ್ದೆ?"

"ಫೆಬ್ರವರಿಯಿಂದ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಂಬ್ತಿದ್ದೆಯಾ?"

ಅವಳು ಹಾಳೆಯನ್ನು ಮತ್ತೊಮ್ಮೆ ಓದಿದಳು. ಆಮೇಲೆ, "ಆವತ್ತು ನೀನೂ ನಂಬಲಿಲ್ಲ ಅಲ್ವಾಮ್ಮಾ?" ಅಂದಳು.

"ಇಲ್ಲ," ಅಂದೆ.

"ಫೋನು ಕಿತ್ಕೊಂಡಿದ್ದು ನಾನು."

"ತಿರುಗಿ ನೋಡದೇ ಇದ್ದಿದ್ದು ನಾನು."

ಸಿಮೆಂಟ್ ಚೀಲದ ಮೇಲೆ ಇಬ್ಬರೂ ಕೂತೆವು. ಮೂರು ಸಾವಿರ ಜನ ಬಂದು ದಾಟಿಸಿ ಹೋದರು ಅಂತ ನೀನು ಬರೆದದ್ದನ್ನೂ ಹೇಳಿದೆ. ಅತ್ತೆವು, ಅದನ್ನು ಮುಚ್ಚಿಡುವುದಿಲ್ಲ. ಬಣ್ಣದವರು ಏಣಿ ಇಳಿದು, ಏನಾಯಿತೋ ಅಂತ ಹತ್ತಿರ ಬಂದರು. ಮಗಳು ಮೂಗು ಒರೆಸಿಕೊಂಡು ಎದ್ದು, ಹಾಳೆ ಅವರ ಮುಖದ ಮುಂದೆ ಹಿಡಿದಳು. "ಓದಿ ಇದನ್ನ. ಮೂರು ಸಾವಿರ ಜನಕ್ಕೆ ಕಾಣದ್ದು ನಮ್ಮಪ್ಪಂಗೆ ಕಂಡಿತ್ತು. ಅದೂ ಹಾಸಿಗೆ ಮೇಲೆ, ಒಂದೇ ಕೈಯಲ್ಲಿ. ತಲೆ ಕೊನೇವರೆಗೂ ನೆಟ್ಟಗಿತ್ತು ನಮ್ಮಪ್ಪಂದು."

ಬಣ್ಣದವರು ಪೂರ್ತಿ ಓದಿದರು. "ಮೇಸ್ತ್ರಿ ತಲೆ ಸರಿ ಇತ್ತು ಅಂತ ಇಡೀ ಊರಿಗೇ ಗೊತ್ತು. ನಿನ್ನ ತಲೆ ಬಗ್ಗೆ ಏನೂ ಬರೆದಿಲ್ವಾ ಇದರಲ್ಲಿ?" ಅಂದರು.

"ಇದಕ್ಕೇ ನಿಮ್ಮ ಗೋಡೆ ಒಣಗೋದು ಲೇಟು, ಬಾಯಿ ಜಾಸ್ತಿ" ಅಂದಳು ಇವಳು. ಎಷ್ಟೋ ತಿಂಗಳ ಮೇಲೆ ಅವಳ ಬಾಯಲ್ಲಿ ಅಂಥ ಮಾತು ಕೇಳಿದೆ. ಆಮೇಲೆ ಹಾಳೆಯನ್ನು ಬಡಗಿಗೆ ತೋರಿಸಿದಳು, ಕಾವಲಿನವರಿಗೆ ತೋರಿಸಿದಳು, ಶಾಲೆಯ ಮುಖ್ಯೋಪಾಧ್ಯಾಯಿನಿಗೂ ತೋರಿಸಿದಳು. ಅವರಿಗೆ ಏನೂ ಅರ್ಥವಾಗಲಿಲ್ಲ, ಆದರೂ ಬಹಳ ಸಂತೋಷ ಅಂದರು.

ಹೆಸರಿಡುವ ಮಾತು ಬರೆದಿದ್ದೀಯ. ಬೇಡಮ್ಮ. ಅವರು ತಾವು ಹಾಕಿದ ನೆಲದ ಮೇಲೂ ಹೆಸರು ಬರೆದವರಲ್ಲ. ನಮ್ಮ ಫೋನನ್ನು ಸರಿ ಮಾಡುವುದೂ ಬೇಡ. ಮಗಳೂ ಅದನ್ನೇ ಹೇಳಿದಳು. ನಿನ್ನ ಹೊಸ ಹಂತಗಳು ಚೆನ್ನಾಗಿರಬಹುದು, ಮುಂದೆ ಎಂದಾದರೂ ಮಗಳ ಫೋನಿನಲ್ಲಿ ಆಡುತ್ತೇನೆ. ಇದರಲ್ಲಿ ತಪ್ಪು ಹಾಗೇ ಇರಲಿ. ಯಾಕೆ ಅಂತ ನಿನ್ನೆ ನಡೆದದ್ದು ಹೇಳಿದರೆ ನಿನಗೂ ತಿಳಿಯುತ್ತದೆ.

ಬಸ್ಸಿನಲ್ಲಿ ಬರುತ್ತಿದ್ದೆ. ಸುಮ್ಮನೆ ಇನ್ನೂರ ಹದಿನಾಲ್ಕನ್ನು ತೆರೆದು ನೋಡುತ್ತಿದ್ದೆ. ಪಕ್ಕದಲ್ಲಿ ಕಾಲೇಜಿನ ಹುಡುಗಿ ಕೂತಿದ್ದಳು. ಓರೆಗಣ್ಣಿನಲ್ಲಿ ನೋಡಿ ನೋಡಿ ತಡೆಯಲಾರದೆ, "ಆಂಟೀ, ಬರ್ತಿಲ್ವಾ? ಕೊಡಿ, ನಾನು ಮಾಡಿಕೊಡ್ತೀನಿ. ಇದೆಲ್ಲಾ ನಿಮಗೆ ಕಷ್ಟ" ಅಂದಳು. ಕೊಟ್ಟೆ.

ಮೂರು ಸ್ಟಾಪು ಕಳೆಯಿತು. ಕೈ ಚುರುಕು ಅವಳದು. ಅರವತ್ತಮೂರನ್ನೂ ಕೂರಿಸಿದಳು. ಮೂಲೆಗೆ ಬಂದು ತಿರುಗಿಸಿದಳು, ಮತ್ತೆ ತಿರುಗಿಸಿದಳು. ಹುಬ್ಬು ಗಂಟಾಯಿತು. ನಾನು ಕಿಟಕಿಯಿಂದ ಹೊರಗೆ ನೋಡುತ್ತಾ ಕೂತೆ.

"ಆಂಟೀ, ಇದು ಆಗಲ್ಲ. ಈ ತುಂಡೇ ತಪ್ಪು ಕೊಟ್ಟಿದ್ದಾರೆ."

"ಹೌದಮ್ಮ. ಆಗಲ್ಲ."

"ನಿಮಗೆ ಮೊದಲೇ ಗೊತ್ತಿತ್ತಾ?"

"ನನಗಲ್ಲ. ನಮ್ಮ ಯಜಮಾನರಿಗೆ. ಎಲ್ಲರಿಗಿಂತ ಮೊದಲು ಕಂಡುಹಿಡಿದವರು ಅವರೇ."

ಹುಡುಗಿ ಫೋನನ್ನು ಎರಡೂ ಕೈಯಲ್ಲಿ ವಾಪಸ್ಸು ಕೊಟ್ಟಳು. "ಅವರು ಇಂಜಿನಿಯರಾ?" ಅಂದಳು.

"ಅಲ್ಲ, ಟೈಲ್ಸ್ ಮೇಸ್ತ್ರಿ," ಅಂದೆ. ಎಲ್ಲೆಲ್ಲಿ ನೆಲ ಹಾಕಿದ್ದಾರೆ ಅಂತ ಕೇಳಿದಳು. ಹೇಳುತ್ತಾ ಹೋದೆ. ಬಸ್ ನಿಲ್ದಾಣ, ಎರಡು ಬ್ಯಾಂಕು, ಗ್ರಂಥಾಲಯದ ಮೆಟ್ಟಿಲು, ಅವಳು ಓದುವ ಕಾಲೇಜಿನ ಹಜಾರ. "ದಿನಾ ಅದರ ಮೇಲೇ ಓಡಾಡ್ತೀನಿ" ಅಂದಳು. ಅಷ್ಟರಲ್ಲಿ ನಾನು ಇಳಿಯುವ ಸ್ಟಾಪು ದಾಟಿಹೋಗಿತ್ತು. ಮುಂದಿನದರಲ್ಲಿ ಇಳಿದು, ಅಷ್ಟು ದೂರವನ್ನೂ ನಡೆದುಕೊಂಡೇ ಮನೆಗೆ ಬಂದೆ.

ಮೇಸ್ತ್ರಿಯ ಹೆಂಡತಿ